ಕುಸುಮಳಿಗೆ ಎರಡನೇ ಸಲ

ನವೆಂಬರ್ 4, ಸೋಮವಾರ

ಕಾರ್ತಿಕದ ಮೊದಲ ಸೋಮವಾರ. ಇವತ್ತು ನಿರಾಹಾರ, ಸಂಜೆ ದೀಪ ಹಚ್ಚಿದ ಮೇಲೆ ಒಂದು ಲೋಟ ಹಾಲು, ಬಾಳೆಹಣ್ಣು. ಬೆಳಿಗ್ಗೆ ಎದ್ದು ಕೊಟ್ಟಿಗೆ ಬಾಚಿದೆ, ಹಾಲು ಕರೆದು ಡೈರಿಗೆ ಹಾಕಿ ಬಂದೆ, ಹೊಸ್ತಿಲು ತೊಳೆದು ರಂಗೋಲಿ ಇಟ್ಟೆ, ತಲೆಗೆ ನೀರು ಹಾಕಿಕೊಂಡು ವೈದ್ಯನಾಥಪುರಕ್ಕೆ ನಡೆದೇ ಹೋಗಿ ಬಂದೆ. ಹಿಂದಿರುಗುವಾಗ ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ಐವತ್ತು ತುಂಬಿತಲ್ಲ, ಇನ್ನು ಇಷ್ಟೇ.

ಕುಸುಮಳಿಗೆ ಕಾಯಿಲೆ ಮರಳಿದೆ. ಹಬ್ಬದ ದಿನ ಸುದ್ದಿ ಬಂದಾಗಿನಿಂದ ಇಷ್ಟು ಬರೆಯಲು ಕೈ ಬಂದಿರಲಿಲ್ಲ.

ಕುಸುಮ ನನ್ನ ಒಬ್ಬಳೇ ತಂಗಿ. ರಕ್ತದ ಕ್ಯಾನ್ಸರ್. ಹೋದ ವರ್ಷ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ನನ್ನಿಂದ ರಕ್ತ ಹುಟ್ಟಿಸುವ ಕಣ ತೆಗೆದು ಅವಳಿಗೆ ಹಾಕಿದರು, ಸ್ಟೆಮ್ ಸೆಲ್ ಅನ್ನುತ್ತಾರೆ. ಅವಳ ರಕ್ತದ ಗುಂಪು ಕೂಡ ನನ್ನದೇ ಆಯಿತು. ವರ್ಷದ ಮೇಲೆ ಚೆನ್ನಾಗಿದ್ದಳು. ಈಗ ಪರೀಕ್ಷೆಯಲ್ಲಿ ನನ್ನ ಕಣ ಕಡಿಮೆಯಾಗುತ್ತಿದೆ, ಅವಳ ಹಳೆಯ ಕೆಟ್ಟ ಕಣ ತಲೆ ಎತ್ತುತ್ತಿದೆ ಎಂದು ಬಂದಿದೆ. ಮತ್ತೆ ನನ್ನಿಂದ ಏನೋ ತೆಗೆಯಬೇಕಂತೆ. ಶುಕ್ರವಾರ ಕರೆದಿದ್ದಾರೆ.

ಅವಳಿಗೆ ನನ್ನ ಕಣ ಹಾಕಿದ ವಾರವೇ ವೈದ್ಯನಾಥಸ್ವಾಮಿಗೆ ಹೇಳಿಕೊಂಡಿದ್ದೆ: ಅವಳು ಬದುಕಿರುವ ತನಕ ಸೋಮವಾರ ನಿರಾಹಾರ, ಶನಿವಾರ ಒಪ್ಪತ್ತು. ಸುದ್ದಿ ಬಂದ ದಿನ ಇನ್ನೊಂದು ಸೇರಿಸಿದೆ: ಈ ಕಾರ್ತಿಕ ಪೂರ್ತಿ ದಿನಕ್ಕೆ ಒಂದೇ ಊಟ. ಯಾರಿಗೂ ಹೇಳಿಲ್ಲ. ಹರಕೆ ಹೇಳಿಕೊಂಡು ತಿರುಗುವಂಥದ್ದಲ್ಲ. ನಮ್ಮ ಯಜಮಾನರಿಗೆ ಗೊತ್ತು, ಒಂದೇ ಮನೆಯಲ್ಲಿ ಮುಚ್ಚಿಡಲು ಆಗುವುದಿಲ್ಲವಲ್ಲ.

ಕುಸುಮ ಶಿವರಾಜನನ್ನು ಕಟ್ಟಿಕೊಂಡು ಮಳವಳ್ಳಿಗೆ ಹೋಗಿ ಇಪ್ಪತ್ತು ವರ್ಷ. ಅವನು ಹೈಸ್ಕೂಲ್ ಮೇಷ್ಟ್ರು. ಬುದ್ಧನ ಫೋಟೋ ಇಟ್ಟುಕೊಂಡ ಮನೆ, ನಮ್ಮವರಲ್ಲ. ಅಪ್ಪ ಸಾಯುವ ತನಕ ಅವಳ ಹೆಸರೆತ್ತಲಿಲ್ಲ. ನಾನು ಅಷ್ಟು ಕಟ್ಟುನಿಟ್ಟಿನವಳಲ್ಲ, ಹೋಗುತ್ತೇನೆ, ಬರುತ್ತೇನೆ. ಹೋದ ದಿನ ಒಪ್ಪತ್ತು ಹಿಡಿಯುತ್ತೇನೆ, ನೀರಿನ ಬಾಟಲಿ ನನ್ನದೇ ಇರುತ್ತದೆ. ಯಾರಿಗೂ ಬೇಜಾರಾಗುವ ಪ್ರಶ್ನೆ ಬರುವುದಿಲ್ಲ.

ನವೆಂಬರ್ 8, ಶುಕ್ರವಾರ

ಬೆಂಗಳೂರಿಗೆ ಹೋಗಿ ಬಂದೆ. ಕಣ ಕೊಡುವವರನ್ನು ನೋಡಿಕೊಳ್ಳಲು ವೀಣ ಅಂತ ಒಬ್ಬ ಹುಡುಗಿ ಇದ್ದಾಳೆ. ಒಳ್ಳೆಯವಳು, ಕಣ್ಣು ನೋಡಿ ಮಾತಾಡುತ್ತಾಳೆ.

"ಈ ಸಲ ಸ್ಟೆಮ್ ಸೆಲ್ ಅಲ್ಲಮ್ಮ. ನಿಮ್ಮ ರಕ್ತದಲ್ಲಿ ರೋಗದ ಜೊತೆ ಹೋರಾಡೋ ಬಿಳಿ ಕಣ ಇರುತ್ತೆ. ಅದನ್ನ ಮಾತ್ರ ಬೇರೆ ಮಾಡಿ ತಂಗಿಗೆ ಹಾಕ್ತೀವಿ. ಅದು ಅಲ್ಲಿ ಹೋಗಿ ಕ್ಯಾನ್ಸರ್ ಕಣಾನ ಗುರುತು ಹಿಡಿದು ಕೊಲ್ಲಬೇಕು."

"ಗುರುತು ತಪ್ಪಿದರೆ?" ಅಂದೆ.

ಅವಳು ಸುಳ್ಳು ಹೇಳಲಿಲ್ಲ. "ತಪ್ಪಬಹುದು. ನಿಮ್ಮ ಕಣಕ್ಕೆ ಅವರ ದೇಹವೇ ಹೊರಗಿನದು. ಚರ್ಮ, ಹೊಟ್ಟೆ, ಲಿವರ್ ಎಲ್ಲಕ್ಕೂ ಕೈ ಹಾಕಬಹುದು. ಅದಕ್ಕೇ ಮೊದಲು ಸ್ವಲ್ಪ ಹಾಕಿ ನೋಡೋದು."

ಗದ್ದೆಯಲ್ಲಿ ಕಳೆ ಕೀಳಲು ಹೊಸ ಆಳು ಬಿಟ್ಟ ಹಾಗೆ. ಕಳೆ ಯಾವುದು, ಪೈರು ಯಾವುದು ಅಂತ ಗೊತ್ತಿಲ್ಲದವರು ಸಾಲಿಗೆ ಸಾಲೇ ಕಿತ್ತು ಬದುವಿಗೆ ಹಾಕಿರುತ್ತಾರೆ. ನಾನೇ ನೋಡಿದ್ದೇನೆ.

"ಊಟ ಸರಿಯಾಗಿ ಮಾಡ್ತೀರಾ?" ಅಂತ ಕೇಳಿದಳು. "ಮೂರು ಹೊತ್ತು" ಅಂದೆ. ದೇವರ ವಿಷಯ ಆಸ್ಪತ್ರೆಯಲ್ಲಿ ಹೇಳುವುದಲ್ಲ. ರಕ್ತ ತೆಗೆದುಕೊಂಡು ಕಳಿಸಿದಳು.

ಬೆಂಚಿನ ಮೇಲೆ ಹನಕೆರೆಯ ಕವಿತ ಅನ್ನುವವಳು ಸಿಕ್ಕಳು. ಅವಳು ತನ್ನ ತಮ್ಮ ಸಿದ್ದರಾಜುವಿಗೆ ಇದೇ ಬಿಳಿ ಕಣ ಕೊಟ್ಟು ಎರಡು ತಿಂಗಳಾಯಿತಂತೆ. "ನಮ್ ಕಡೆಯೋರು ಒಬ್ರು ಸಿಕ್ದಂಗಾಯ್ತು ಕಣಕ್ಕ" ಅಂತ ಕೈ ಹಿಡಿದುಕೊಂಡಳು. ಫೋನ್ ನಂಬರ್ ಕೊಟ್ಟಳು.

ನವೆಂಬರ್ 9, ಶನಿವಾರ

ವೀಣ ಫೋನ್ ಮಾಡಿದ್ದಳು. ನನ್ನ ರಕ್ತ ತೀರಾ ಕಡಿಮೆ ಇದೆಯಂತೆ. ಈ ರಕ್ತ ಇಟ್ಟುಕೊಂಡು ನನ್ನನ್ನು ಮೆಷೀನಿಗೆ ಹಾಕುವುದಿಲ್ಲವಂತೆ. ಕಬ್ಬಿಣದ ಇಂಜೆಕ್ಷನ್ ಮಂಡ್ಯದಲ್ಲೇ ತಗೊಳ್ಳಿ, ಚೆನ್ನಾಗಿ ಊಟ ಮಾಡಿ, ನಾಲ್ಕು ವಾರ ಬಿಟ್ಟು ನೋಡೋಣ ಅಂದಳು. ಅಲ್ಲಿಯ ತನಕ ಕುಸುಮಳಿಗೆ ಕಾಯಿಲೆ ತಡೆಯುವ ಔಷಧಿ ಕೊಡುತ್ತಾರೆ. ಅದು ಎಷ್ಟು ದಿನ ತಡೆಯುತ್ತದೆ ಅಂತ ಕೇಳಿದೆ. ಅವಳು "ನೋಡೋಣಮ್ಮ" ಅಂದಳು.

ಇವತ್ತು ಒಪ್ಪತ್ತು.

ನವೆಂಬರ್ 12, ಮಂಗಳವಾರ

ಮಳವಳ್ಳಿಗೆ ಹೋಗಿದ್ದೆ. ಕುಸುಮ ಮಂಚದ ಮೇಲೆ ದಿಂಬಿಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದಳು. ಮುಖ ಸುಣ್ಣದ ಹಾಗೆ.

ಶಿವರಾಜನ ತಾಯಿ ಮುದ್ದಮ್ಮ ತಟ್ಟೆ ಇಟ್ಟಳು. ನಾನು ಇವತ್ತು ಒಪ್ಪತ್ತು ಅಂದೆ. ಆ ಮುದುಕಿ ಅಲ್ಲೇ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

"ಮಂಗಳವಾರ್ದಲ್ಲೂ ಒಪ್ಪತ್ತಾ? ಓದ್ಸಲ ಬುಧವಾರ ಬಂದಿದ್ದೆ, ಅವತ್ತೂ ಒಪ್ಪತ್ತು. ಅದ್ಕೂ ಮುಂಚೆ ಶುಕ್ರವಾರ. ನಿಮ್ ದೇವ್ರು ವಾರದಲ್ಲಿ ಯಾವತ್ತವ್ವ ಉಣ್ಣಕ್ ಬುಡ್ತಾನೆ?"

"ಇವತ್ತು ಏಕಾದಶಿ" ಅಂದೆ. ಅದು ನಿಜ.

ಕುಸುಮ ಅವರೆಕಾಯಿ ಬಿಟ್ಟು ನನ್ನನ್ನೇ ನೋಡಿದಳು. "ಅಕ್ಕ, ನಿಜ ಏಳು. ವಾರಕ್ಕೆ ಎಷ್ಟು ದಿನ ಉಪಾಸ ಬೀಳ್ತಿದ್ದೀಯ?"

ಹೇಳಿದೆ. ಸೋಮವಾರ, ಶನಿವಾರ, ಕಾರ್ತಿಕ. ಯಾರಿಗೋಸ್ಕರ ಅಂತಲೂ ಹೇಳಿದೆ. ಆಮೇಲೆ ಕುಸುಮ ನಗಲು ಶುರುಮಾಡಿದಳು, ಕೆಮ್ಮು ಬರುವ ತನಕ ನಕ್ಕಳು.

"ನಾನ್ ಬದುಕ್ಲಿ ಅಂತ ಉಪಾಸ ಬಿದ್ದು ನನ್ ಔಷ್ದಿನೇ ಒಣಗಿಸ್ಬುಟ್ಟಿದ್ದೀಯಲ್ಲಕ್ಕ. ಒಂದ್ ವರ್ಷದಿಂದ ನಿನ್ ರಕ್ತ ನನ್ನೊಳಗೆ ಕೂತ್ಕೊಂಡು ದಿನಾ ನಮ್ಮತ್ತೆ ಸಾರು ಉಣ್ತಾ ಅದೆ. ನೀನೊಬ್ಳೇ ಉಪಾಸ."

ಇಂಥ ಮಾತು ಅವಳಿಗೆ ಚಿಕ್ಕಂದಿನಿಂದ ಸಲೀಸು. ನನಗೆ ಸಿಟ್ಟು ಬಂತು. ಎದ್ದು ಬಂದೆ.

ಶಿವರಾಜ ಬಸ್ ನಿಲ್ದಾಣದ ತನಕ ಬಂದ. ಮೇಷ್ಟ್ರಾದರೂ ಮಾತು ಕಡಿಮೆ. ಮದ್ದೂರು ಬಸ್ಸು ಬಂದಾಗ ಇಷ್ಟೇ ಅಂದ: "ಅಕ್ಕ, ನಮ್ಮ ಮನೇಲಿ ಅಂತ ನಾನು ಕೇಳ್ತಿಲ್ಲ. ನಿಮ್ಮ ಮನೇಲೇ ಉಣ್ಣಿ. ಎಲ್ಲಾದ್ರೂ ಉಣ್ಣಿ."

ನವೆಂಬರ್ 14, ಗುರುವಾರ

ಹರಕೆ ನಡುವೆ ಬಿಟ್ಟರೆ ಏನಾಗುತ್ತದೆ ಅಂತ ನನಗೆ ಗೊತ್ತು. ಬಿಟ್ಟ ವಾರವೇ ಅವಳಿಗೆ ಏನಾದರೂ ಆದರೆ ನಾನು ಯಾವ ಮುಖ ಇಟ್ಟುಕೊಂಡು ದೇವಸ್ಥಾನದ ಮೆಟ್ಟಿಲು ಹತ್ತಲಿ? ಒಂದು ಊಟವನ್ನೇ ಹೊಟ್ಟೆ ತುಂಬ ಮಾಡುತ್ತಿದ್ದೇನೆ. ಇಂಜೆಕ್ಷನ್ ಒಂದು ಆಯಿತು.

ಹನ್ನೊಂದರ ಬಸ್ಸಿಗೆ ಶಿವರಾಜನ ತಾಯಿ ಬಂದಿಳಿದಳು, ಒಬ್ಬಳೇ, ಕೈಯಲ್ಲಿ ನಾಲ್ಕು ಅಂತಸ್ತಿನ ಟಿಫನ್ ಕ್ಯಾರಿಯರ್. ಜಗುಲಿಯ ಮೇಲೆ ಕೂತಳು. ಒಳಗೆ ಬಾ ಅನ್ನಬೇಕೋ ಬೇಡವೋ ಅಂತ ನಾನು ಬಾಗಿಲಲ್ಲೇ ನಿಂತಿದ್ದೆ.

"ಒಳಕ್ ಕರೀಬ್ಯಾಡ. ನಂಗೇನ್ ನಿಮ್ಮನೆ ನೋಡ್ಬೇಕಾಗಿಲ್ಲ. ಮುದ್ದೆ ಅದೆ, ನುಗ್ಗೆಸೊಪ್ಪಿನ್ ಬಸ್ಸಾರು ಅದೆ. ಉಂಡ್ಬುಟ್ಟು ಡಬ್ಬಿ ತೊಳ್ದು ಕೊಡು, ಎರಡ್ ಗಂಟೆ ಬಸ್ಸಿಗೆ ಓಯ್ತೀನಿ."

ಎದುರುಮನೆಯವರು ಬಟ್ಟೆ ಒಣಗಿಸುವ ನೆಪದಲ್ಲಿ ಮೂರು ಸಲ ಹೊರಗೆ ಬಂದರು. ನಾನು ಡಬ್ಬಿ ಒಳಗೆ ತಂದೆ. ಹಿತ್ತಿಲಿಗೆ ಹೋಗಿ ಹಸುವಿಗೆ ಹಾಕಿ, ತೊಳೆದು, ತಂದುಕೊಟ್ಟೆ. ಹಸು ಬೋಸಿಯನ್ನೂ ನೆಕ್ಕಿತು.

ನವೆಂಬರ್ 17, ಭಾನುವಾರ

ಮತ್ತೆ ಬಂದಿದ್ದಳು. ಈ ಸಲ ಡಬ್ಬಿ ಕೊಡುವ ಮುಂಚೆ ಮನೆ ಪಕ್ಕದ ಓಣಿಯಲ್ಲಿ ನಡೆದು ಹೋಗಿ ಹಿತ್ತಿಲು ನೋಡಿ ಬಂದಳು.

"ನಿಮ್ ಅಸ ಚೆನ್ನಾಗ್ ಆಗ್ಯದೆ ಕಣಮ್ಮಿ. ಮೈ ಮಿಂಚ್ತಾ ಅದೆ. ಇಂಗೇ ಇಕ್ತಾ ಇರು, ಅದ್ಕೆ ರಕ್ತ ಏರ್ತದೆ. ಬೆಂಗ್ಳೂರಿಗೂ ಅದ್ನೇ ಕರ್ಕೊಂಡ್ ಓಗು."

ನಮ್ಮ ಯಜಮಾನರು ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದವರು ನಕ್ಕುಬಿಟ್ಟರು. ನನಗೆ ಕೆನ್ನೆ ಬಿಸಿಯಾಯಿತು. ಹರಕೆ ಮುರಿದು ಅವಳಿಗೆ ಏನಾದರೂ ಆದರೆ ನೀನು ಹೊಣೆಯಾ ಅಂತ ಕೇಳಿದೆ, ಸ್ವಲ್ಪ ಜೋರಾಗಿಯೇ.

"ನಂಗೆ ದೇವ್ರ ಇಸ್ಯ ಗೊತ್ತಿಲ್ಲ. ನಾವು ಬುದ್ಧನ್ಗೆ ಊವ ಮಡಗ್ತೀವಿ, ಏನೂ ಕೇಳಾಕಿಲ್ಲ. ಸೊಸೆ ಇಸ್ಯ ಗೊತ್ತು. ರಾತ್ರಿ ಮಗ್ಲು ಬದ್ಲಾಯಿಸ್ದಾಗ ಮೂಳೆ ನೋವು ಅಂತ ನರಳ್ತಾಳೆ, ಬೆಳಿಗ್ಗೆ ಎದ್ದು ಏನೂ ಇಲ್ಲ ಅತ್ತೆ ಅಂತಾಳೆ. ನೀನ್ ಉಂಡ್ರೆ ಅವ್ಳಿಗೆ ಔಷ್ದಿ. ನಂಗೆ ಇಷ್ಟೇ ಗೊತ್ತು."

ಡಬ್ಬಿ ಜಗುಲಿಯ ಮೇಲೆ ಬಿಟ್ಟು ಹೊರಟು ಹೋದಳು. ತೊಳೆದು ಕೊಡು ಅನ್ನಲೂ ಇಲ್ಲ. ಯಜಮಾನರು "ಲೇ, ಮುದುಕಿ ಏಳೋದ್ರಲ್ಲಿ ಏನ್ ತಪ್ಪದೆ?" ಅಂದರು. ಡಬ್ಬಿಯಲ್ಲಿದ್ದುದನ್ನು ಅವರು ಉಂಡರು. ಅವರಿಗೆ ಯಾವುದೂ ಅಡ್ಡಿಯಿಲ್ಲ, ಮೊದಲಿಂದ ಹಾಗೇ.

ನವೆಂಬರ್ 18, ಸೋಮವಾರ

ತಡೆಯಲಾಗಲಿಲ್ಲ. ಬೆಳಿಗ್ಗೆ ಊರಮ್ಮ ಪಟ್ಟಲಮ್ಮನ ಗುಡಿಗೆ ಹೋಗಿ ಹೂ ಕೇಳಿಸಿದೆ. ಪೂಜೆಯ ಮರಿಸಿದ್ದಯ್ಯ ಅಮ್ಮನ ಎರಡೂ ಭುಜಕ್ಕೆ ತೇವ ಮಾಡಿ ಹೂ ಅಂಟಿಸಿದ. ಬಲಗಡೆಯದು ಬಿದ್ದರೆ ಉಣ್ಣುತ್ತೇನೆ, ಎಡಗಡೆಯದು ಬಿದ್ದರೆ ಹರಕೆ ನಡೆಸುತ್ತೇನೆ ಅಂತ ಮನಸ್ಸಿನಲ್ಲೇ ಹೇಳಿಕೊಂಡು ಕೂತೆ.

ಬಿಸಿಲು ಗುಡಿಯ ಒಳಗೆ ಬಂತು. ಹೂ ಬೀಳಲಿಲ್ಲ. ಮರಿಸಿದ್ದಯ್ಯ ಎರಡು ಸಲ ಗಂಟೆ ಬಾರಿಸಿದ, ಕರ್ಪೂರ ಹಚ್ಚಿದ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.

"ಅಮ್ಮ ಇವತ್ತು ಮಾತಾಡ್ತಿಲ್ಲ ಕಣಮ್ಮ. ಶುಕ್ರವಾರ ಬಾ, ಕೇಳಾವ" ಅಂದ. ಅವನಿಗೆ ತೋಟಕ್ಕೆ ನೀರು ಬಿಡುವ ಹೊತ್ತಾಗಿತ್ತು, ಕರೆಂಟು ಬಂದಿತ್ತು.

ನಾನು ಇನ್ನೂ ಸ್ವಲ್ಪ ಹೊತ್ತು ಕೂತೆ. ಅಮ್ಮ ನನ್ನ ಮುಖ ನೋಡುತ್ತಿದ್ದಳು, ನಾನು ಅವಳ ಮುಖ ನೋಡುತ್ತಿದ್ದೆ. ಶುಕ್ರವಾರದ ತನಕ ಕುಸುಮಳ ಮೂಳೆ ಕಾಯುತ್ತದೆಯೇ.

ಮನೆಗೆ ಬಂದರೆ ಮುದ್ದಮ್ಮ ಜಗುಲಿಯ ಮೇಲೆ. ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು, ಸೆರಗನ್ನು ತಲೆಯ ಮೇಲೆಳೆದುಕೊಂಡು ಕೂತಲ್ಲೇ ನಿದ್ದೆ ಹೋಗಿದ್ದಳು. ಡಬ್ಬಿ ತೊಡೆಯ ಮೇಲಿತ್ತು. ಎಬ್ಬಿಸಲಿಲ್ಲ. ಮೆಲ್ಲಗೆ ತೆಗೆದುಕೊಂಡು ಪಕ್ಕದಲ್ಲೇ ಕೂತು ಉಂಡೆ. ಉಪ್ಸಾರು. ಉಪ್ಪು ಸ್ವಲ್ಪ ಕಮ್ಮಿ. ಖಾರ ಮಾತ್ರ ಚೆನ್ನಾಗಿ ಅರೆದಿದ್ದಳು. ಅರ್ಧ ಮುದ್ದೆ ಮುಗಿದಾಗ ಅವಳಿಗೆ ಎಚ್ಚರವಾಯಿತು. ನೋಡಿದಳು. ಮತ್ತೆ ಕಣ್ಣು ಮುಚ್ಚಿದಳು.

ಸಂಜೆ ದೀಪ ಹಚ್ಚುವಾಗ ಎರಡು ಬತ್ತಿ ಹೆಚ್ಚಿಗೆ ಹಾಕಿದೆ.

ನವೆಂಬರ್ 21, ಗುರುವಾರ

ಮುದ್ದಮ್ಮ ಕುರಿ ಈಲಿ, ಅದೇ ಲಿವರ್, ಹುರಿದು ತಂದಿದ್ದಳು. ರಕ್ತಕ್ಕೆ ಅದಕ್ಕಿಂತ ಒಳ್ಳೆಯದಿಲ್ಲವಂತೆ. ಕಾರ್ತಿಕದಲ್ಲಿ ಬಾಡು ಮುಟ್ಟುವುದಿಲ್ಲ, ಇದೊಂದು ಕೇಳಬೇಡ ಅಂದೆ. ಅರ್ಧ ಗಂಟೆ ಜಗಳ ಆಯಿತು. ಕಡೆಗೆ ಮೊಟ್ಟೆಗೆ ಒಪ್ಪಂದ. ಈಲಿ ಯಜಮಾನರ ಪಾಲಾಯಿತು. "ನಿಂಗೂ ರಕ್ತ ಕಮ್ಮಿಯಾ ಪುಟ್ಟರಾಜು?" ಅಂತ ಮುದ್ದಮ್ಮ ಅವರನ್ನು ಕೇಳಿದಳು.

ಡಿಸೆಂಬರ್ 6, ಶುಕ್ರವಾರ

ರಕ್ತ ಏರಿದೆ. ವೀಣ ರಿಪೋರ್ಟ್ ನೋಡಿ "ಏನಮ್ಮ ಮಾಡಿದ್ರಿ?" ಅಂತ ಕೇಳಿದಳು. ಉಂಡೆ ಅಂದೆ.

ಡಿಸೆಂಬರ್ 10, ಮಂಗಳವಾರ

ಎರಡೂ ಕೈಗೆ ಸೂಜಿ. ಒಂದು ಕಡೆಯಿಂದ ರಕ್ತ ಮೆಷೀನಿಗೆ ಹೋಗುತ್ತದೆ, ಬಿಳಿ ಕಣ ಉಳಿಸಿಕೊಂಡು ಮಿಕ್ಕಿದ್ದನ್ನು ಇನ್ನೊಂದು ಕಡೆಯಿಂದ ವಾಪಸ್ ಕೊಡುತ್ತದೆ. ತುಟಿ ಜುಮುಜುಮು ಅಂದಿತು, ಕ್ಯಾಲ್ಸಿಯಂ ಕೊಟ್ಟರು. ನನ್ನ ನರ ಸಣ್ಣವು. ನಡುವೆ ರಕ್ತ ಬರುವುದೇ ನಿಂತಿತು, ಕೈ ಊದಿಕೊಂಡಿತು. ಒಂದು ಸಲಕ್ಕೆ ಆಗುವಷ್ಟು ಸಿಕ್ಕಿದೆ, ಮುಂದಕ್ಕೆ ಕೂಡಿಡಲು ಸಿಕ್ಕಿಲ್ಲ ಅಂದರು.

ಮಧ್ಯಾಹ್ನ ಕುಸುಮಳಿಗೆ ಹಾಕುವುದನ್ನು ಗಾಜಿನಾಚೆಯಿಂದ ನೋಡಿದೆ. ಒಂದು ಲೋಟ ಮಜ್ಜಿಗೆಯಷ್ಟೂ ಇರಲಿಲ್ಲ. ನಾನು ಮೃತ್ಯುಂಜಯ ಜಪ ಮಾಡುತ್ತಾ ನಿಂತಿದ್ದೆ. ಮುಗಿದ ಮೇಲೆ ಅವಳು ನನ್ನ ಕಡೆ ತಿರುಗಿ ಬಾಯಿ ಒರೆಸಿಕೊಂಡ ಹಾಗೆ ಮಾಡಿದಳು, ಉಂಡು ಕೈ ತೊಳೆದವರ ಹಾಗೆ. ಅವಳ ಮಗಳು ಅರುಂಧತಿ ನಕ್ಕಳು, ಕಾಲೇಜಿಗೆ ರಜೆ ಹಾಕಿ ಬಂದಿದ್ದಾಳೆ ಪಾಪ.

ಜನವರಿ 3, ಶುಕ್ರವಾರ

ಅರುಂಧತಿ ಫೋಟೋ ಕಳಿಸಿದ್ದಾಳೆ. ಕುಸುಮಳ ಅಂಗೈ, ಕಿವಿ, ಎದೆಯ ಮೇಲೆಲ್ಲ ಕೆಂಪು ಗಂಧೆ. ಉರಿಯಂತೆ.

ಅದು ನಾನು. ಅವಳ ಮೈಮೇಲೆ ಎದ್ದಿರುವುದು ನಾನು.

ಡಾಕ್ಟರು ಗಾಬರಿಯಾಗಬೇಡಿ ಅಂದರಂತೆ. ಕಣ ಕೆಲಸ ಶುರುಮಾಡಿದೆ ಅನ್ನುವ ಗುರುತಂತೆ, ಚರ್ಮದ ಮಟ್ಟಿಗೆ ನಿಂತರೆ ಒಳ್ಳೆಯದೇ ಅಂತೆ. ಮುಲಾಮು ಕೊಟ್ಟಿದ್ದಾರೆ. ನಿಂತರೆ ಅಂದರೆ ಏನು?

ಜನವರಿ 14, ಮಂಗಳವಾರ

ಸಂಕ್ರಾಂತಿ. ಎಳ್ಳುಬೆಲ್ಲ ತೆಗೆದುಕೊಂಡು ಮಳವಳ್ಳಿಗೆ ಹೋದೆ. ಗಂಧೆ ಇಳಿಯುತ್ತಿದೆ, ಚರ್ಮ ಕಪ್ಪಗಾಗಿ ಈರುಳ್ಳಿ ಸಿಪ್ಪೆಯಂತೆ ಏಳುತ್ತಿದೆ. ಕೈಗೆ ಮುಲಾಮು ಹಚ್ಚಿದೆ. ಕುಸುಮ ಎಳ್ಳು ಬಾಯಿಗೆ ಹಾಕಿಕೊಂಡು "ಉರೀತದೆ" ಅಂದಳು. ಬಾಯಲ್ಲೂ ಹುಣ್ಣು. ಸಿಹಿಗುಂಬಳದ ಪಲ್ಯ ಚೆನ್ನಾಗಿತ್ತು. ಬಾಟಲಿ ಬಸ್ಸಿನಲ್ಲೇ ಮರೆತುಬಂದೆ, ಹೊಸದು ತರಿಸಬೇಕು.

ಜನವರಿ 19, ಭಾನುವಾರ

ಹನಕೆರೆ ಕವಿತ ಫೋನ್ ಮಾಡಿದಳು. ಸಿದ್ದರಾಜು ಹೋಗಿಬಿಟ್ಟನಂತೆ. ಎರಡನೇ ಸಲ ಕಣ ಹಾಕಿದ ಮೇಲೆ ಅದು ಹೊಟ್ಟೆಗೆ ಕೈ ಹಾಕಿತಂತೆ, ಭೇದಿ ಏನು ಕೊಟ್ಟರೂ ನಿಲ್ಲಲಿಲ್ಲವಂತೆ.

"ಕ್ಯಾನ್ಸರ್ ಇರ್ಲಿಲ್ಲ ಕಣಕ್ಕ ಅವ್ನಲ್ಲಿ. ಕಡೇ ರಿಪೋರ್ಟ್‌ನಲ್ಲಿ ಒಂದ್ ಚೂರೂ ಇರ್ಲಿಲ್ಲ. ನನ್ ಕಣಾನೇ ತಿಂದಾಕ್ಬುಡ್ತು."

ಅವಳು ಅಳುತ್ತಿರಲಿಲ್ಲ. ಅದನ್ನೇ ಕೇಳಿ ತಡೆದುಕೊಳ್ಳಲಾಗಲಿಲ್ಲ. ಸಂಜೆ ಹಾಲು ಕರೆದು ಡೈರಿಗೆ ಹಾಕುವುದನ್ನೇ ಮರೆತೆ.

ಫೆಬ್ರವರಿ 4, ಮಂಗಳವಾರ

ಕುಸುಮಳ ಪರೀಕ್ಷೆಯ ಫಲ ಬಂತು. ನನ್ನ ಕಣ ಮೇಲೇರಿದೆ, ಕೆಟ್ಟದ್ದು ಇಳಿದಿದೆ, ಆದರೆ ಹೋಗಿಲ್ಲ. ಗಂಧೆ ಪೂರ್ತಿ ಹೋಗಿದೆ. ಈಗ ಎರಡನೇ ಸಲ ಹಾಕಬೇಕು, ಮೊದಲಿಗಿಂತ ಜಾಸ್ತಿ. ಕೂಡಿಟ್ಟದ್ದು ಇಲ್ಲದ್ದರಿಂದ ಮತ್ತೆ ನನ್ನಿಂದಲೇ ತೆಗೆಯಬೇಕು.

ಸಿದ್ದರಾಜುವಿನ ವಿಷಯ ಡಾಕ್ಟರನ್ನೇ ಕೇಳಿದೆ. "ಹಾಗೆ ಆಗಬಹುದು. ಹಾಕದಿದ್ದರೆ ಕಾಯಿಲೆ ಮತ್ತೆ ಏರೋ ಸಾಧ್ಯತೆ ಅದಕ್ಕಿಂತ ಜಾಸ್ತಿ" ಅಂದರು.

ಎಲ್ಲರ ಎದುರಿಗೆ ನಾನು ಕೊಡುವುದಿಲ್ಲ ಅಂದುಬಿಟ್ಟೆ. ಅವಳ ಕೈ ನೋಡಿದ್ದೇನೆ, ಮುಲಾಮು ಹಚ್ಚಿದ್ದೇನೆ, ಇನ್ನೊಂದು ಸಲ ನನ್ನ ಕೈಯಾರೆ ಆಗದು ಅಂದೆ. ಶಿವರಾಜ ಗೋಡೆ ನೋಡಿಕೊಂಡು ಕೂತಿದ್ದ. ವೀಣ ನನ್ನನ್ನು ಬೇರೆ ಕೋಣೆಗೆ ಕರೆದುಕೊಂಡು ಹೋಗಿ ನೀರು ಕೊಟ್ಟಳು. "ಬೇಡ ಅನ್ನೋ ಹಕ್ಕು ನಿಮಗಿದೆಯಮ್ಮ. ಯಾರೂ ಒತ್ತಾಯ ಮಾಡೋ ಹಾಗಿಲ್ಲ, ಅವರ ಮನೆಯವರಿಗೂ ಹೇಳ್ತೀನಿ. ಯೋಚನೆ ಮಾಡಿ, ಏನಿದ್ರೂ ನಿಮ್ಮ ಕೈಯಾರೆ ಬರೆದು ಕೊಡಿ. ಮುಂದಿನ ಬುಧವಾರ ತಂಗಿ ಮನೆಯವರು ಇಲ್ಲಿಗೆ ಬರುವಾಗ ತಂದರೂ ಸಾಕು."

ಫೆಬ್ರವರಿ 7, ಶುಕ್ರವಾರ

ಯಾರೂ ಫೋನ್ ಮಾಡುತ್ತಿಲ್ಲ. ವೀಣ ಹೇಳಿರಬೇಕು. ಹನ್ನೊಂದರ ಬಸ್ಸು ಬಂತು, ಹೋಯಿತು, ಯಾರೂ ಇಳಿಯಲಿಲ್ಲ. ಯಜಮಾನರನ್ನು ಕೇಳಿದೆ. "ನಿನ್ ಮೈಯಿ, ನಿನ್ ತಂಗಿ. ನಾನೇನ್ ಏಳ್ಲಿ? ನೀನ್ ಏನ್ ಮಾಡುದ್ರೂ ನಾನ್ ಬೈಯಾಕಿಲ್ಲ" ಅಂದರು. ಇದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಪಟ್ಟಲಮ್ಮನ ಗುಡಿಯ ಮುಂದೆಯೇ ಹಾದುಬಂದೆ. ಕೈ ಮುಗಿದೆ. ಹೂ ಕೇಳಿಸಲಿಲ್ಲ.

ಫೆಬ್ರವರಿ 8, ಶನಿವಾರ

ನಾನೇ ಮಳವಳ್ಳಿಗೆ ಹೋದೆ. ಮುದ್ದಮ್ಮ ನನ್ನನ್ನು ನೋಡಿ ಏನೂ ಕೇಳದೆ ಒಲೆಗೆ ಎಸರಿಟ್ಟಳು. ಕುಸುಮ ಮಹಡಿಯ ಮೇಲೆ ಬಿಸಿಲಿಗೆ ಕೂತಿದ್ದಳು. ತಲೆಗೂದಲು ಮತ್ತೆ ಬರುತ್ತಿದೆ, ಕೋಳಿಮರಿ ಹಾಗೆ. ಕೊಕ್ಕರೆಗಳು ಸಾಲಾಗಿ ಹಾರಿಹೋಗುತ್ತಿದ್ದವು, ಕೊಕ್ಕರೆಬೆಳ್ಳೂರಿನ ಕಡೆಗಿರಬೇಕು.

ಪಕ್ಕದಲ್ಲಿ ಕೂತೆ. ಆಮೇಲೆ ಅವಳೇ ಶುರುಮಾಡಿದಳು.

"ನಿನ್ನ ಕೇಳ್ಬಾರ್ದು ಅಂತ ಆ ವೀಣಮ್ಮ ಕಟ್ಟಪ್ಪಣೆ ಮಾಡವ್ಳೆ. ಅದ್ಕೆ ಕೇಳಾಕಿಲ್ಲ."

"ಕೇಳಬೇಡ" ಅಂದೆ.

"ನನ್ ಇಸ್ಯ ಏಳ್ತೀನಿ, ಕೇಳ್ಸ್ಕೊ. ನಾನ್ ಆಕ್ಸ್ಕೊಳಕ್ಕೆ ತಯಾರಾಗಿವ್ನಿ. ಭಯ ಇಲ್ಲ ಅಂತಲ್ಲ. ಆ ಸಿದ್ದರಾಜು ಇಸ್ಯ ನಂಗೂ ಗೊತ್ತು. ರಾತ್ರಿ ಅದೇ ಬತ್ತದೆ ಕಣ್ಮುಂದೆ."

"ಮತ್ತೆ?"

"ಮತ್ತೇನು. ಅರುಂಧತಿ ಡಿಗ್ರಿ ಮುಗಿಸ್ಬೇಕು, ನಾನ್ ನೋಡ್ಬೇಕು."

ಅವಳು ನನ್ನ ಕಡೆ ತಿರುಗಿದಳು. ಚಿಕ್ಕಂದಿನಲ್ಲಿ ಕೆರೆ ಏರಿಯ ಮೇಲೆ ಜಗಳವಾಡುವಾಗ ಹೀಗೇ ತಿರುಗುತ್ತಿದ್ದಳು.

"ಅಕ್ಕ, ನಾನ್ ಆಕ್ಸ್ಕೊಂಡು ಸತ್ರೆ ನಿನ್ ಕೈಲಿ ಸತ್ತಂಗಾಯ್ತದೆ. ಆಕ್ಸ್ಕೊಳ್ದೆ ಸತ್ರೆ ದೇವ್ರ ಮ್ಯಾಲ್ ಆಕ್ಬುಟ್ಟು ಕಾಯಿ ಒಡ್ಸಿ ಸುಮ್ಕಾಯ್ತೀಯ. ಅಷ್ಟೇ ತಾನೆ ನಿನ್ ಲೆಕ್ಕ?"

ಕಪಾಳಕ್ಕೆ ಹೊಡೆಯುವಷ್ಟು ಸಿಟ್ಟು ಬಂತು. ಅಷ್ಟು ಕಾಯಿಲೆಯವಳಿಗೆ ಹೇಗೆ ಹೊಡೆಯುವುದು? ದೊಡ್ಡವಳಿಗೆ ಹೀಗೆಲ್ಲ ಮಾತಾಡಬಾರದು ಅಂದೆ. "ದೊಡ್ಡವ್ಳು ಅಂತಲೇ ಆಡ್ದೆ" ಅಂದಳು. ನನ್ನ ಭುಜಕ್ಕೆ ತಲೆ ಒರಗಿಸಿದಳು. ಕೂದಲು ಚುಚ್ಚಿತು.

ಕೆಳಗಿನಿಂದ ಮುದ್ದಮ್ಮವ್ವ ಕೂಗಿದಳು, "ಇಬ್ರೂ ಇಳ್ದು ಬನ್ರವ್ವ, ಮುದ್ದೆ ಆರೋಯ್ತದೆ" ಅಂತ. ಒಂದೇ ಕಡೆ ಕೂತು ಉಂಡೆವು. ಕುಸುಮಳ ತಟ್ಟೆಯಲ್ಲಿ ಉಳಿದದ್ದನ್ನು ನಾನೇ ಮುಗಿಸಿದೆ, ಎಸೆಯಲು ಮನಸ್ಸು ಬರಲಿಲ್ಲ. ಕತ್ತಲಾಯಿತು ಅಂತ ಅಲ್ಲೇ ಉಳಿದೆ.

ಫೆಬ್ರವರಿ 10, ಸೋಮವಾರ

ಬೆಳಿಗ್ಗೆ ವೈದ್ಯನಾಥಪುರಕ್ಕೆ ಹೋಗಿ ಬಂದೆ. ಸ್ವಾಮಿಯ ಹತ್ತಿರ ಇವತ್ತು ಏನನ್ನೂ ಕೇಳಲಿಲ್ಲ. ನಾನು ಏನು ಮಾಡಲಿದ್ದೇನೆ ಅಂತ ಹೇಳಿ ಬಂದೆ. ಮಧ್ಯಾಹ್ನ ಉಂಡು, ಪಾತ್ರೆ ತೊಳೆದು, ಬರೆಯಲು ಕೂತೆ.

ಮೂರು ಸಲ ಬರೆದು ಹರಿದೆ. ಏಳನೇ ತರಗತಿ ಓದಿದವಳಿಗೆ ಡಾಕ್ಟರಿಗೆ ಬರೆಯುವುದು ಹೇಗೆ ಅಂತ ಏನು ಗೊತ್ತು. ಮೊದಲ ಸಲ ಬರೆದದ್ದರಲ್ಲಿ ದೇವರ ಚಿತ್ತ ಅಂತ ಬಂದಿತ್ತು. ಹರಿದೆ. ಎರಡನೆಯದರಲ್ಲಿ ನನ್ನ ತಂಗಿಗೆ ಏನೂ ಆಗದ ಹಾಗೆ ನೋಡಿಕೊಳ್ಳಿ ಅಂತ ಬರೆದಿದ್ದೆ. ಅವರು ಎಲ್ಲಿಂದ ನೋಡಿಕೊಂಡಾರು, ಒಳಗೆ ಹೋಗಿ ಕೆಲಸ ಮಾಡುವುದು ನನ್ನದಲ್ಲವೇ. ಅದನ್ನೂ ಹರಿದೆ. ಮೂರನೆಯದರಲ್ಲಿ ಕಣ್ಣೀರು ಬಿತ್ತು.

ಕಡೆಗೆ ಬರೆದದ್ದು ಇಷ್ಟು: ನನ್ನ ತಂಗಿ ಕುಸುಮಳಿಗೆ ಎರಡನೇ ಸಲ ಬಿಳಿ ಕಣ ಕೊಡಲು ನಾನು ದೇವಿರಮ್ಮ ಒಪ್ಪಿದ್ದೇನೆ. ಯಾರ ಒತ್ತಾಯವೂ ಇಲ್ಲ. ಒಳ್ಳೆಯದಾದರೂ ಕೆಟ್ಟದ್ದಾದರೂ ಕೊಟ್ಟವಳು ನಾನೇ.

ಓದಿ ನೋಡಿದೆ. ಭಯ ಹಾಗೇ ಇದೆ, ಇಳಿದಿಲ್ಲ. ಇಳಿಯುವುದಿಲ್ಲ ಅಂತ ಕಾಣುತ್ತದೆ. ಆದರೂ ರುಜು ಹಾಕಿದೆ.

ಯಜಮಾನರು ನಾಳೆ ಕಬ್ಬು ಕಡಿಸಲು ಹೋಗುತ್ತಾರೆ, ಅವರ ಕೈಲಿ ಕಳಿಸಲಾಗದು. ಅರುಂಧತಿಗೆ ಫೋನ್ ಮಾಡಿ ಹೇಳಿದೆ: ಮಗ, ನಾನು ಬರೆದಿಟ್ಟಿದ್ದೇನೆ, ನಿಮ್ಮಪ್ಪನಿಗೆ ಹೇಳು. ನಾಳೆ ಉಣ್ಣುವ ಹೊತ್ತಿಗೆ ಶಿವರಾಜನೇ ಒಳಗೆ ಬಂದು, ಉಂಡು, ನನ್ನ ಉತ್ತರ ತೆಗೆದುಕೊಂಡು ಹೋಗಲಿ.